ಹನ್ನೆರಡು ಸಾವಿರ ರೂಪಾಯಿ, ಮೂರು ವಾರಾಂತ್ಯ: ಬೆಂಗಳೂರಿನಲ್ಲಿ ಕೈಗೆಟಕುವ ಡಿಸೈನರ್ ಉಡುಪಿನ ಹುಡುಕಾಟ

ಗೆಳತಿಯ ಆರತಕ್ಷತೆಗೆ ಇಂಥದ್ದೇ ಬೇಕು ಎಂದು ನನ್ನ ಅಣ್ಣನ ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಮೊಣಕಾಲಿನವರೆಗೆ ಇಳಿಯುವ ಜಾಕೆಟ್, ಅದರ ಕೆಳಗೆ ಅಗಲ ಅಂಚಿನ ನೆರಿಗೆ ಲಂಗ, ಕತ್ತಿನ ಪಟ್ಟಿಯ ಮೇಲೆ ಸ್ವಲ್ಪ ಕೈಕಸೂತಿ, ಇಷ್ಟೇ ಅದರಲ್ಲಿದ್ದದ್ದು. ಬೆಲೆ 42,000 ರೂ. "ಅತ್ತೆ, ಇದು ನಮಗೆ ಆಗುವುದಿಲ್ಲ ಎಂದು ಗೊತ್ತು, ಇದರ ಹಾಗೆ ಕಾಣುವುದು ಎಲ್ಲಾದರೂ ಸಿಗುತ್ತದೆಯೇ?" ಎಂದು ಅವಳು ಕೇಳಿದ ಪ್ರಶ್ನೆ ನನ್ನನ್ನು ಮೂರು ವಾರಾಂತ್ಯ ಬೆಂಗಳೂರಿನ ಉದ್ದಗಲಕ್ಕೆ ಓಡಾಡಿಸಿತು. ಅವಳ ಉಡುಪು, ನನಗೊಂದು ಸೀರೆ, ದಿನಬಳಕೆಗೊಂದು ಕುರ್ತಾ ಎಲ್ಲವೂ 12,000 ರೂ. ಒಳಗೆ ಆಗಬೇಕೆಂದು ಲೆಕ್ಕ ಹಾಕಿಕೊಂಡೇ ಹೊರಟೆವು. ನಾನು ಉಡುಪು ವಿನ್ಯಾಸ ಓದಿದವಳಲ್ಲ, ಹೊಲಿಗೆಯನ್ನು ಅಮ್ಮನಿಂದ ಕಲಿತವಳು. ಆದುದರಿಂದ ಇಲ್ಲಿರುವ ವಿಮರ್ಶೆ ಬಟ್ಟೆಯನ್ನು ತಿರುಗಿಸಿ ಒಳಮೈ ನೋಡುವ ಅಭ್ಯಾಸವಿರುವ ಒಬ್ಬ ಗ್ರಾಹಕಳದ್ದು.

ಚಿತ್ರದಲ್ಲಿದ್ದ ಉಡುಪಿಗೆ ಅಷ್ಟು ಬೆಲೆ ಏಕೆ ಎಂಬುದನ್ನು ಮೊದಲು ಬಿಡಿಸಿ ನೋಡಿದೆವು. ಬಟ್ಟೆ, ಕಸೂತಿ, ಕತ್ತರಿಸುವ ಮಾದರಿ, ಹೊಲಿಗೆ, ಮಳಿಗೆಯ ಬಾಡಿಗೆ, ಪ್ರಚಾರ, ಹೆಸರು ಎಲ್ಲವೂ ಅದರಲ್ಲಿ ಸೇರಿವೆ. ಡಿಸೈನರ್ ಎನ್ನುವವರು ಬಟ್ಟೆಯ ಗುಣ, ಬಣ್ಣಗಳ ಹೊಂದಾಣಿಕೆ, ಮೈಮೇಲೆ ಅದು ಬೀಳುವ ರೀತಿ ಈ ಮೂರನ್ನೂ ಒಟ್ಟಿಗೆ ಯೋಚಿಸಿ ತೀರ್ಮಾನಿಸುವವರು, ಆ ಯೋಚನೆಗೆ ಹಣ ಕೊಡುವುದು ನ್ಯಾಯವೇ. ಆದರೆ ಬಾಡಿಗೆ ಮತ್ತು ಹೆಸರಿನ ಪಾಲನ್ನು ಬದಿಗಿಟ್ಟು ಬಟ್ಟೆ, ಕಸೂತಿ, ಯೋಚನೆ, ಹೊಲಿಗೆ ಈ ನಾಲ್ಕನ್ನು ಮಾತ್ರ ಕೊಳ್ಳಲು ನಗರದಲ್ಲಿ ದಾರಿಯಿದೆಯೇ ಎಂಬುದು ನಮ್ಮ ಹುಡುಕಾಟದ ತಿರುಳಾಯಿತು.

ಮೊದಲ ಶನಿವಾರ ಪಂಚತಾರಾ ಹೋಟೆಲೊಂದರ ಸಭಾಂಗಣದಲ್ಲಿ ನಡೆದ ಫ್ಯಾಷನ್ ಪ್ರದರ್ಶನಕ್ಕೆ ಹೋದೆವು. ತಲಾ 100 ರೂ. ಪ್ರವೇಶ ಶುಲ್ಕ. ದೆಹಲಿ, ಮುಂಬೈ, ಕೋಲ್ಕತ್ತಗಳಿಂದ ಬಂದ ಹತ್ತಾರು ಡಿಸೈನರ್ ಬ್ರಾಂಡ್‌ಗಳು ಕಂಬಿಗಳಿಗೆ ಉಡುಪುಗಳನ್ನು ತೂಗುಹಾಕಿದ್ದವು. ಇಂತಹ ಪಾಪ್-ಅಪ್‌ಗಳಲ್ಲಿ, ಅಂದರೆ ಕೆಲವೇ ದಿನ ತೆರೆದಿರುವ ಮಾರಾಟ ಪ್ರದರ್ಶನಗಳಲ್ಲಿ, ಅಗ್ಗವಾಗಿ ಸಿಗುವುದು ಹೆಚ್ಚಾಗಿ ಸ್ಯಾಂಪಲ್‌ಗಳು, ಅಂದರೆ ಛಾಯಾಚಿತ್ರ ತೆಗೆಯಲು ಅಥವಾ ವೇದಿಕೆಯ ಮೇಲೆ ಮಾಡೆಲ್‌ಗಳಿಗೆ ತೊಡಿಸಲು ಹೊಲಿದ ಮಾದರಿಗಳು. ಅವು ಸಾಮಾನ್ಯವಾಗಿ ಒಂದೇ ಅಳತೆಯವು, ಎತ್ತರದ, ತೆಳ್ಳಗಿನ ದೇಹಕ್ಕೆಂದು ಕತ್ತರಿಸಿದವು. ಒಂದು ಮಳಿಗೆಯಲ್ಲಿ 'ಶೇ. 50 ರಿಯಾಯಿತಿ' ಎಂಬ ಫಲಕದ ಕೆಳಗೆ ತೂಗುತ್ತಿದ್ದ ಜಾಕೆಟಿನ ಬೆಲೆಚೀಟಿಯನ್ನು ಅಣ್ಣನ ಮಗಳು ಬೆರಳಿನಿಂದ ಮೆಲ್ಲಗೆ ಎತ್ತಿದಾಗ ಅದರ ಕೆಳಗೆ ಇನ್ನೊಂದು ಚೀಟಿಯಿತ್ತು, ರಿಯಾಯಿತಿಯ ನಂತರದ ಬೆಲೆಗೂ ಹಳೆಯ ಚೀಟಿಯ ಬೆಲೆಗೂ ಕೆಲವೇ ನೂರು ರೂಪಾಯಿಗಳ ವ್ಯತ್ಯಾಸ. ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಕೊಂಡ ಮೇಲೆ ಹಿಂದಿರುಗಿಸುವಂತಿಲ್ಲ, ಬದಲಾಯಿಸುವಂತಿಲ್ಲ, ಮಾರಿದವರು ಮರುದಿನ ಬೇರೆ ಊರಿನಲ್ಲಿರುತ್ತಾರೆ.

ಹಾಗೆಂದು ಆ ದಿನ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಗಾಜಿನ ಮಳಿಗೆಗಳಲ್ಲಿ ಮುಟ್ಟಲು ಸಂಕೋಚವಾಗುವ ಉಡುಪುಗಳನ್ನು ಇಲ್ಲಿ ಯಾರೂ ತಡೆಯದೆ ಒಳಗಿನಿಂದ ಹೊರಗಿನವರೆಗೆ ನೋಡಬಹುದು. ಒಳ್ಳೆಯ ಜಾಕೆಟಿನ ಹೊಲಿಗೆಯಂಚುಗಳನ್ನು ಹೇಗೆ ಪಟ್ಟಿಯೊಳಗೆ ಮುಚ್ಚಿರುತ್ತಾರೆ, ಲೈನಿಂಗ್ ಅನ್ನು ಕೆಳಗೆ ಹೇಗೆ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ, ಭುಜದ ಬಳಿ ವಿನ್ಯಾಸದ ಹೂವು ಒಂದಕ್ಕೊಂದು ಕೂಡುವಂತೆ ಬಟ್ಟೆಯನ್ನು ಹೇಗೆ ಕತ್ತರಿಸಿರುತ್ತಾರೆ ಎಂಬುದನ್ನು ನಾವು ಅಲ್ಲಿ ಕಣ್ಣಾರೆ ಕಂಡೆವು. ಮುಂದೆ ಟೈಲರ್ ಬಳಿ ಕುಳಿತಾಗ ಏನು ಕೇಳಬೇಕೆಂಬುದು ತಿಳಿದದ್ದು ಇದರಿಂದಲೇ. ಪ್ರವೇಶ ಶುಲ್ಕವನ್ನು ಪಾಠದ ಶುಲ್ಕವೆಂದು ಭಾವಿಸಿ ಹೋಗುವವರಿಗೆ ಇಂತಹ ಪ್ರದರ್ಶನಗಳನ್ನು ಮನಸಾರೆ ಶಿಫಾರಸು ಮಾಡುತ್ತೇನೆ, ಅಲ್ಲಿಯೇ ಕೊಳ್ಳಬೇಕೆಂದು ಹೋಗುವವರಿಗೆ ಮಾಡಲಾರೆ. ಫ್ಯಾಷನ್ ವೀಕ್‌ಗಳ ಮಾತು ಇನ್ನೂ ಬೇರೆ. ಭಾರತದ ಮೊದಲ ಫ್ಯಾಷನ್ ವೀಕ್ 2000ದಲ್ಲಿ ದೆಹಲಿಯಲ್ಲಿ ನಡೆದಂದಿನಿಂದ ಅವು ಮೂಲತಃ ಮಳಿಗೆಗಳ ಸಗಟು ಖರೀದಿದಾರರಿಗೂ ಪತ್ರಕರ್ತರಿಗೂ ಆಹ್ವಾನಿತರಿಗೂ ಮೀಸಲಾದ ವೇದಿಕೆಗಳಾಗಿವೆ, ನಮ್ಮಂಥವರು ಅಲ್ಲಿ ಕೊಳ್ಳುವಂಥದ್ದು ಏನೂ ಇಲ್ಲ.

ಮರುದಿನ ಕಮರ್ಷಿಯಲ್ ಸ್ಟ್ರೀಟ್. ಅಲ್ಲಿನ ಸಿದ್ಧ ಉಡುಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರ ನೋಡಿ ನಕಲು ಮಾಡಿದ ಪಾಲಿಯೆಸ್ಟರ್ ಜಾಕೆಟ್‌ಗಳು ರಾಶಿರಾಶಿಯಾಗಿವೆ, ಎರಡು ಒಗೆತಕ್ಕೆ ಅವುಗಳ ಆಕಾರ ಹೋಗುತ್ತದೆ. ಆದರೆ ಅದಕ್ಕೆ ಅಂಟಿಕೊಂಡಿರುವ ಇಬ್ರಾಹಿಂ ಸಾಹಿಬ್ ಸ್ಟ್ರೀಟ್‌ನ ಲೇಸ್, ಗುಂಡಿ, ಲೈನಿಂಗ್ ಬಟ್ಟೆಗಳ ಅಂಗಡಿಗಳನ್ನು ತಪ್ಪಿಸಬಾರದು. ಉಡುಪಿನ ಮೈಬಣ್ಣಕ್ಕೆ ಸರಿಹೊಂದುವ ಲೈನಿಂಗ್ ಹುಡುಕಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಬೆಂಗಳೂರಿನ ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಗಾರ್ಮೆಂಟ್ ಕಾರ್ಖಾನೆಗಳು ವಿದೇಶದ ದೊಡ್ಡ ಬ್ರಾಂಡ್‌ಗಳಿಗೆ ಹೊಲಿಯುತ್ತವೆ. ಕೆಲವು ಉಡುಪುಗಳು ಹಾಳಾದೀತೆಂಬ ಮುನ್ನೆಚ್ಚರಿಕೆಯಿಂದ ಕಾರ್ಖಾನೆಗಳು ಆರ್ಡರಿಗಿಂತ ಸ್ವಲ್ಪ ಹೆಚ್ಚೇ ಕತ್ತರಿಸುತ್ತವೆ, ಆ ಹೆಚ್ಚುವರಿಯೂ ತಪಾಸಣೆಯಲ್ಲಿ ತಿರಸ್ಕೃತವಾದ ಉಡುಪುಗಳೂ ಲೇಬಲ್ ಕತ್ತರಿಸಿಕೊಂಡು ಜಯನಗರ, ಶಿವಾಜಿನಗರ, ಮಾರತ್‌ಹಳ್ಳಿಗಳ ಅಂಗಡಿಗಳಿಗೆ ಬರುತ್ತವೆ. ಶರ್ಟು, ಪ್ಯಾಂಟು, ಮಕ್ಕಳ ಉಡುಪುಗಳಿಗೆ ಇವು ನಿಜಕ್ಕೂ ಒಳ್ಳೆಯವು. ಸರ್‌ಪ್ಲಸ್ ಮತ್ತು ರಿಜೆಕ್ಟ್ ಎರಡನ್ನೂ ಒಂದೇ ಗುಡ್ಡೆಯಲ್ಲಿ ಹಾಕಿರುವುದರಿಂದ ಕಂಕುಳು, ಜಿಪ್, ಎರಡೂ ತೋಳಿನ ಉದ್ದ ಇಷ್ಟನ್ನು ಬೆಳಕಿನಲ್ಲಿ ನೋಡಿ ಕೊಳ್ಳಬೇಕು. ನಮ್ಮ ಆರತಕ್ಷತೆಯ ಉಡುಪಿಗೆ ಮಾತ್ರ ಅಲ್ಲಿ ಏನೂ ಸಿಗಲಿಲ್ಲ.

ಎರಡನೆಯ ವಾರಾಂತ್ಯದಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದೆವು, ನಮ್ಮ ಹುಡುಕಾಟಕ್ಕೆ ಅರ್ಥ ಬಂದದ್ದು ಅಲ್ಲಿ. ವರ್ಷದ ಬಹುಪಾಲು ವಾರಗಳಲ್ಲಿ ಪರಿಷತ್ತಿನ ಆವರಣದಲ್ಲಿ ಒಂದಲ್ಲ ಒಂದು ಕೈಮಗ್ಗ, ಕರಕುಶಲ ಮೇಳ ನಡೆಯುತ್ತಲೇ ಇರುತ್ತದೆ. ಚಿತ್ರಶಾಲೆಗೆ ಬರುವ ವಿದ್ಯಾರ್ಥಿಗಳು, ಪಕ್ಕದ ಗ್ಯಾಲರಿಗೆ ಬಂದವರು, ಸೀರೆ ನೋಡಲು ಬಂದ ಅಜ್ಜಿಯರು ಎಲ್ಲರೂ ಒಂದೇ ಮರದ ನೆರಳಿನಲ್ಲಿ ನಿಂತಿರುತ್ತಾರೆ. ಈ ವಾತಾವರಣವೇ ನನಗೆ ಬಹಳ ಪ್ರಿಯ. ಬಟ್ಟೆಯನ್ನು ಇಲ್ಲಿ ಅವಸರದಿಂದ ನೋಡಬೇಕಾಗಿಲ್ಲ.

ಒಂದು ಮಳಿಗೆಯಲ್ಲಿ ಇಳಕಲ್‌ನಿಂದ ಬಂದ ನೇಕಾರರೊಬ್ಬರು ಕುಳಿತಿದ್ದರು. ಕಡುನೀಲಿ ಮೈ, ಕೆಂಪು ಸೆರಗು, ಸೆರಗಿನ ಮೇಲೆ ಗೋಪುರದಂತೆ ಏರುವ ಬಿಳಿ ತೆನೆಗಳಿದ್ದ ಸೀರೆಯನ್ನು ನಾನು ಕೈಗೆತ್ತಿಕೊಂಡಾಗ ಅವರು ಬೆಲೆ ಹೇಳುವ ಮೊದಲು ಸೀರೆಯನ್ನು ಮಗುಚಿ ಹಾಕಿ, ಮೈ ಮತ್ತು ಸೆರಗು ಸೇರುವ ಗೆರೆಯ ಮೇಲೆ ನನ್ನ ಬೆರಳನ್ನೇ ಇರಿಸಿದರು. "ಅಕ್ಕಾರ, ಮೈ ಬ್ಯಾರೆ, ಸೆರಗ ಬ್ಯಾರೆ ಐತ್ರಿ. ಎರಡನ್ನೂ ಎಳಿ ಎಳಿ ಕೊಂಡಿ ಹಾಕಿ ಕೂಡಸ್ತೀವ್ರಿ. ಕೈಗೆ ಹತ್ತತದ ನೋಡ್ರಿ" ಎಂದರು. ನಿಜವಾಗಿಯೂ ಬೆರಳಿಗೆ ಸಣ್ಣ ಉಬ್ಬು ತಾಕುತ್ತಿತ್ತು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ (ಉದ್ದಕ್ಕೆ ಹಾಯುವ) ಎಳೆಗಳು ಮತ್ತು ಸೆರಗಿನ ಹಾಸಿನ ಎಳೆಗಳು ಬೇರೆ ಬೇರೆಯಾಗಿದ್ದು, ಅವುಗಳನ್ನು ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಹೀಗೆ ಕೊಂಡಿ ಹಾಕಬೇಕಾದರೆ ಪ್ರತಿ ಸೀರೆಗೂ ಬೇರೆಯದೇ ಹಾಸು ಹೂಡಬೇಕು, ಸಾಲಾಗಿ ಆರೆಂಟು ಸೀರೆಗಳ ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸುವಂತಿಲ್ಲ. ಹತ್ತಿ-ರೇಷ್ಮೆಯ ಆ ಸೀರೆಗೆ ನಾನು ಕೊಟ್ಟದ್ದು 3,200 ರೂ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ, ಅವರೇ ಕೊನೆಗೆ ಸೆರಗಿಗೆ ಕುಚ್ಚು ಕಟ್ಟಲು ಅದೇ ಬಣ್ಣದ ರೇಷ್ಮೆ ನೂಲಿನ ಒಂದು ಲಡಿಯನ್ನು ಕೊಟ್ಟರು.

ಬೆಲೆ ಇಳಿಯುವುದಕ್ಕೂ ನಡುವಿನ ಕೈಗಳು ಕಡಿಮೆಯಾಗುವುದಕ್ಕೂ ಇರುವ ಅಂತರವನ್ನು ಆ ಮಳಿಗೆ ನನಗೆ ಸ್ಪಷ್ಟವಾಗಿ ತೋರಿಸಿತು. ಹೋಟೆಲಿನ ಪ್ರದರ್ಶನದಲ್ಲಿ ಇದೇ ಬಗೆಯ ಸೀರೆ, ಹೊಸ ಹೆಸರಿನ ಚೀಟಿ ಹೊತ್ತು, 'ರಿಯಾಯಿತಿ'ಯ ನಂತರವೂ ಇದರ ಎರಡು ಪಟ್ಟಿಗಿಂತ ಹೆಚ್ಚು ಬೆಲೆಗೆ ತೂಗುತ್ತಿತ್ತು. ಇಲ್ಲಿ ಯಾರೂ ರಿಯಾಯಿತಿ ಎನ್ನಲಿಲ್ಲ, ಆದರೂ ಹಣ ಉಳಿಯಿತು, ಕೊಟ್ಟ ಹಣವೂ ನೇಯ್ದವರ ಕೈಗೇ ಹೋಯಿತು.

ಅದೇ ಸಾಲಿನಲ್ಲಿ ಗುಳೇದಗುಡ್ಡದ ಖಣದ ಮಳಿಗೆಯಿತ್ತು. ಖಣವೆಂದರೆ ಉತ್ತರ ಕರ್ನಾಟಕದಲ್ಲಿ ಮುತ್ತೈದೆಗೆ ಉಡಿ ತುಂಬುವಾಗ ಕೊಡುವ ಕುಪ್ಪಸದ ಬಟ್ಟೆ. ಸಣ್ಣ ಸಣ್ಣ ಬುಟ್ಟಾಗಳು, ತೇರಿನ ಆಕೃತಿಗಳು ನೇಯ್ಗೆಯಲ್ಲಿಯೇ ಮೂಡಿರುತ್ತವೆ, ಬೆಳಕು ಬಿದ್ದ ಕಡೆ ಒಂದು ಬಣ್ಣ, ನೆರಳಿನ ಕಡೆ ಇನ್ನೊಂದು ಬಣ್ಣ ಕಾಣುತ್ತದೆ. ಈಚಿನ ವರ್ಷಗಳಲ್ಲಿ ಡಿಸೈನರ್‌ಗಳು ಖಣದಿಂದ ಜಾಕೆಟ್, ಚೀಲ, ಮಕ್ಕಳ ಫ್ರಾಕ್‌ಗಳನ್ನು ಮಾಡತೊಡಗಿದ ಮೇಲೆ ನೇಕಾರರೇ ಅದನ್ನು ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದಾರೆ. ಫೋನಿನ ಚಿತ್ರವನ್ನು ಅಣ್ಣನ ಮಗಳು ಇನ್ನೊಮ್ಮೆ ತೆಗೆದು ದೊಡ್ಡದು ಮಾಡಿ ನೋಡಿದಾಗ, 42,000 ರೂಪಾಯಿಯ ಆ ಜಾಕೆಟ್ ಕೂಡ ಖಣದ್ದೇ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ದಾಳಿಂಬೆ ಬಣ್ಣದ ಖಣ ಮೀಟರಿಗೆ 380 ರೂಪಾಯಿಯಂತೆ ಮೂರೂವರೆ ಮೀಟರ್ ಕೊಂಡೆವು, 1,330 ರೂ. ಆಯಿತು. ಖಣದ ಅಗಲ ಸಾಮಾನ್ಯ ಬಟ್ಟೆಗಿಂತ ಕಿರಿದಾಗಿರುವುದರಿಂದ ಟೈಲರ್ ಹೇಳುವ ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚು ಕೊಳ್ಳುವುದು ಒಳ್ಳೆಯದು. ಲಂಗಕ್ಕೆ ಆಂಧ್ರದ ಮಂಗಳಗಿರಿಯ ಜರಿ ಅಂಚಿನ ಹತ್ತಿ ಬಟ್ಟೆ ನಾಲ್ಕು ಮೀಟರ್, 1,600 ರೂ. ಅಂಚು ಬಟ್ಟೆಯಲ್ಲಿಯೇ ನೇಯ್ದಿರುವುದರಿಂದ ಲಂಗದ ತುದಿಗೆ ಬೇರೆ ಪಟ್ಟಿ ಹೊಲಿಯುವ ಖರ್ಚೂ ಉಳಿಯಿತು.

ಕತ್ತಿನ ಪಟ್ಟಿಗೆ ಬೇಕಾದದ್ದು ಧಾರವಾಡದ ಕಡೆಯ ಮಹಿಳೆಯೊಬ್ಬರ ಮಳಿಗೆಯಲ್ಲಿ ಸಿಕ್ಕಿತು. ಅವರು ಬಟ್ಟೆಯ ಪಟ್ಟಿಗಳ ಮೇಲೆ ಕಸೂತಿ ಹಾಕಿ ಮಾರುತ್ತಿದ್ದರು, ಕೊಂಡವರು ತಮಗೆ ಬೇಕಾದ ಉಡುಪಿಗೆ ಅದನ್ನು ಜೋಡಿಸಿಕೊಳ್ಳಬಹುದು. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿ ಮತ್ತು ಮುರಗಿಯಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಹೋಗಿ ಅದೇ ದಾರಿಯಲ್ಲಿ ಮರಳಿ ಬರುವುದರಿಂದ ಎರಡೂ ಮಗ್ಗುಲುಗಳಲ್ಲಿ ಚಿತ್ರ ಒಂದೇ ರೀತಿ ಕಾಣುತ್ತದೆ. ಯಂತ್ರದ ಕಸೂತಿಗೆ ಹಿಂಬದಿಯಲ್ಲಿ ಬಿಳಿ ದಾರದ ಜಾಲ, ಅಂಟಿಸಿದ ಕಾಗದದಂಥ ಪದರ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ತಿರುಗಿಸಿ ನೋಡಿದರೆ ಮೋಸ ಹೋಗುವ ಭಯ ಕಡಿಮೆ. ಗೋಪುರ ಮತ್ತು ತುಳಸಿಕಟ್ಟೆಯ ಸಾಲಿದ್ದ ಪಟ್ಟಿಗೆ 750 ರೂ. ಕೊಟ್ಟೆವು. ಅಷ್ಟು ಕೆಲಸಕ್ಕೆ ಈ ಬೆಲೆ ಕಡಿಮೆಯಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಕೈಗೆಟಕುವ ಬೆಲೆಯನ್ನು ಹುಡುಕುತ್ತಾ ಹೋದವಳು ಒಂದು ಕಡೆ ನಿಂತು, ಇನ್ನೊಬ್ಬ ಹೆಣ್ಣುಮಗಳ ಕಣ್ಣು ಬೆರಳುಗಳ ದುಡಿಮೆಗೆ ಎಷ್ಟು ಸಲ್ಲಬೇಕು ಎಂದೂ ಕೇಳಿಕೊಳ್ಳಬೇಕಾಗುತ್ತದೆ. ಎರಡನೆಯ ಪಟ್ಟಿ ಬೇಕಿದ್ದರೆ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಡಲು ನಾನು ಸಿದ್ಧಳಿದ್ದೆ.

ಮೇಳಗಳಲ್ಲಿ ಎಲ್ಲರೂ ನೇಕಾರರಲ್ಲ ಎಂಬುದನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಇನ್ನೊಂದು ಮೇಳದಲ್ಲಿ, ಅದು ನಡೆದ ಜಾಗವೂ ಬೇರೆ, 'ಕೈಮಗ್ಗದ ಇಕ್ಕತ್' ಎಂದು ನನಗೆ ತೋರಿಸಿದ ಬಟ್ಟೆಯ ಹಿಂಬದಿ ಮಾಸಿದ ಹಾಗೆ ಪೇಲವವಾಗಿತ್ತು. ಇಕ್ಕತ್ತಿನಲ್ಲಿ ನೂಲನ್ನೇ ಕಟ್ಟಿ ಬಣ್ಣದಲ್ಲಿ ಅದ್ದಿ ಆಮೇಲೆ ನೇಯುತ್ತಾರೆ. ಆದ್ದರಿಂದ ಎರಡೂ ಮೈಗಳಲ್ಲಿ ಬಣ್ಣ ಒಂದೇ ಗಾಢತೆಯಲ್ಲಿರಬೇಕು, ಆಕೃತಿಯ ಅಂಚುಗಳು ಸ್ವಲ್ಪ ಕದಡಿದಂತೆ ಕಾಣಬೇಕು. ಅಂಚು ಚೂಪಾಗಿದ್ದು ಹಿಂಬದಿ ಬಿಳಚಿಕೊಂಡಿದ್ದರೆ ಅದು ಮೇಲಿಂದ ಅಚ್ಚು ಹಾಕಿದ್ದು. ಹಾಗೆಯೇ ಮರದ ಅಚ್ಚಿನಿಂದ ಮಾಡಿದ ಅಜ್ರಖ್ ಅಥವಾ ಮಚಲೀಪಟ್ಟಣದ ಕಡೆಯ ಕಲಂಕಾರಿಯಲ್ಲಿ ಒಂದು ಅಚ್ಚು ಮತ್ತೊಂದನ್ನು ಸೇರುವ ಕಡೆ ಕೂದಲೆಳೆಯಷ್ಟು ವ್ಯತ್ಯಾಸ ಎಲ್ಲಾದರೂ ಇದ್ದೇ ಇರುತ್ತದೆ, ಸ್ಕ್ರೀನ್ ಪ್ರಿಂಟಿನಲ್ಲಿ ಆ ವ್ಯತ್ಯಾಸ ಸಿಗುವುದಿಲ್ಲ. ರೇಷ್ಮೆಯೆಂದರೆ ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಸುಡಲು ಸಂಕೋಚವಾದರೆ ಲೇಬಲ್ ಕೇಳಬಹುದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಮತ್ತು 2006ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕ್ ಎರಡೂ ಇಂಥ ಗೊಂದಲ ನಿವಾರಿಸಲೆಂದೇ ಇರುವವು.

ಮೈಸೂರು ಸಿಲ್ಕ್‌ನ ವಿಷಯವನ್ನು ಇಲ್ಲಿ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ನಮ್ಮ ಮೊತ್ತಕ್ಕೆ ಅದು ನಿಲುಕುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ವಾರಸುದಾರನಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗಳಲ್ಲಿ ಸಿಗುವುದು ಶುದ್ಧ ರೇಷ್ಮೆ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ, ಪ್ರತಿ ಸೀರೆಗೂ ಅದರದ್ದೇ ಸಂಖ್ಯೆಯಿರುತ್ತದೆ. ಅದು ಪವರ್‌ಲೂಮಿನ ಸೀರೆ ಎಂಬುದನ್ನು ತಿಳಿದೇ ಕೊಳ್ಳಬೇಕು, ಅದರ ಮೌಲ್ಯವಿರುವುದು ರೇಷ್ಮೆಯ ಶುದ್ಧತೆಯಲ್ಲಿ ಮತ್ತು ಬಿಗಿಯಾಗಿ ಹುರಿಗೊಳಿಸಿದ ಕ್ರೇಪ್ ನೂಲಿನಲ್ಲಿ. ಹಣ ಕೂಡಿಟ್ಟುಕೊಂಡು ರಿಯಾಯಿತಿಯ ಕಾಲಕ್ಕೆ ಕಾಯುವವರಿಗೆ ಅದು ಜೀವಮಾನದ ಖರೀದಿ. ಚಿಕ್ಕಪೇಟೆಯ ಸಗಟು ಅಂಗಡಿಗಳಿಗೂ ಹೋಗಿ ಬಂದೆವು. ಮೆಟ್ರೊ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ, ಮದುವೆಗೆ ಹತ್ತಾರು ಸೀರೆ ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಪೇಟೆಯಿಲ್ಲ. ಒಂದೇ ಒಂದು ವಿಶಿಷ್ಟ ಉಡುಪನ್ನು ಹುಡುಕುವವರಿಗೆ ಅಲ್ಲಿನ ರಾಶಿ ಸಹಾಯಕ್ಕಿಂತ ಹೆಚ್ಚಾಗಿ ಆಯಾಸ ತರುತ್ತದೆ.

ಮೂರನೆಯ ವಾರಾಂತ್ಯವನ್ನು ನಾನು 'ದೇಸಿ' ಮಳಿಗೆಗೆಂದೇ ಇಟ್ಟುಕೊಂಡಿದ್ದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಬೆಳೆದ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘವಿದೆ. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದ ಹತ್ತಿ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕಿ, ಉಡುಪುಗಳನ್ನು ಹೊಲಿದು ದೇಸಿ ಮಳಿಗೆಗಳ ಮೂಲಕ ಮಾರುತ್ತಾರೆ. ಆ ಬಣ್ಣಗಳಲ್ಲಿ ಒಂದು ಅಡಿಕೆಯ ಚೊಗರು. ಮಲೆನಾಡಿನಲ್ಲಿ ಅಡಿಕೆ ಬೇಯಿಸುವವರಿಗೆ ಚೊಗರು ಎಂದರೇನೆಂದು ವಿವರಿಸಬೇಕಾಗಿಲ್ಲ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಗಂದು ನೀರು ಬಟ್ಟೆಗೆ ತಾಗಿದರೆ ಎಷ್ಟು ತೊಳೆದರೂ ಹೋಗದು, ನಮ್ಮಮ್ಮ ಸುಗ್ಗಿಯಲ್ಲಿ ಹಳೆಯ ಸೀರೆಯನ್ನೇ ಉಡುತ್ತಿದ್ದದ್ದು ಅದಕ್ಕಾಗಿ. ಆ ಹೋಗದ ಕಲೆಯನ್ನೇ ಹೋಗದ ಬಣ್ಣವನ್ನಾಗಿ ನೋಡಿದ ಕಣ್ಣು ಇದೆಯಲ್ಲ, ನನ್ನ ಮಟ್ಟಿಗೆ ನಿಜವಾದ ಡಿಸೈನರ್ ಕಣ್ಣು ಎಂದರೆ ಅದು. ಚೊಗರಿನ ಕೆಂಗಂದು, ನೀಲಿಗಿಡದ ನೀಲಿ, ದಾಳಿಂಬೆ ಸಿಪ್ಪೆಯ ಹಳದಿ ಇವು ಒಂದರ ಪಕ್ಕದಲ್ಲಿ ಇನ್ನೊಂದು ಇದ್ದಾಗ ಎಲ್ಲಿಯೂ ಕಣ್ಣಿಗೆ ಚುಚ್ಚುವುದಿಲ್ಲ.

ನಾನು ಕೊಂಡ ಚೊಗರು ಬಣ್ಣದ ಕುರ್ತಾಗೆ 1,250 ರೂ. ಆಯಿತು. ಕತ್ತಿನ ಬಳಿ ಬಟ್ಟೆಯದೇ ಗುಂಡಿಗಳು, ಎರಡೂ ಕಡೆ ಜೇಬು, ಮಂಡಿಯ ಮೇಲೆ ಸೀಳು. ಜೇಬಿನ ಬಗ್ಗೆ ಮಹಿಳೆಯರಿಗೆ ಮಾತ್ರ ಅರ್ಥವಾಗುವ ಸಂತೋಷವೊಂದಿದೆ, ಅದನ್ನು ಇಲ್ಲಿ ದಾಖಲಿಸುತ್ತೇನೆ. ನೈಸರ್ಗಿಕ ಬಣ್ಣದ ಬಟ್ಟೆಗಳಿಗೆ ಅವುಗಳದ್ದೇ ನಿಯಮಗಳಿವೆ: ಮೊದಲ ಒಗೆತಗಳಲ್ಲಿ ಬೇರೆಯಾಗಿ ತಣ್ಣೀರಿನಲ್ಲಿ ಅದ್ದಬೇಕು, ಕಟುವಾದ ಸಾಬೂನು ಹಾಕಬಾರದು, ನೆರಳಿನಲ್ಲಿ ಒಣಗಿಸಬೇಕು, ನಿಂಬೆರಸದಂಥ ಹುಳಿ ತಾಗಿದರೆ ಬಣ್ಣ ಬದಲಾದೀತು. ಕೈಮಗ್ಗದ ಹತ್ತಿ ಸ್ವಲ್ಪ ಕುಗ್ಗುವುದು ಸಹಜವಾದ್ದರಿಂದ ಮೈಗೆ ಬಿಗಿಯಾಗಿ ಹಿಡಿಯುವ ಅಳತೆಯನ್ನು ಆರಿಸಬಾರದು. ಮದುವೆಮನೆಯ ಮಿಂಚು ಬೇಕೆನ್ನುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಕಚೇರಿಗೆ, ಕಾಲೇಜಿಗೆ, ಪ್ರಯಾಣಕ್ಕೆ ಹಲವು ವರ್ಷ ಉಡುವ ಉಡುಪು ಬೇಕೆಂದರೆ ಈ ನಗರದಲ್ಲಿ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನು ಹೊಲಿಗೆ. ಈ ಇಡೀ ದಾರಿಯಲ್ಲಿ ಅಪಾಯವಿರುವುದು ಇಲ್ಲಿಯೇ, ಒಳ್ಳೆಯ ಬಟ್ಟೆಯನ್ನು ಕೆಟ್ಟ ಕತ್ತರಿ ಅರ್ಧ ಗಂಟೆಯಲ್ಲಿ ಹಾಳು ಮಾಡಬಲ್ಲದು. ಹಿಂದೊಮ್ಮೆ ಒಂದು ಬೊಟೀಕ್‌ನಲ್ಲಿ ಹೀಗೆಯೇ ಕೊಟ್ಟಿದ್ದ ಬಟ್ಟೆಗೆ ಲೈನಿಂಗನ್ನು ನೀರಿನಲ್ಲಿ ಅದ್ದದೆ ಹೊಲಿದುಬಿಟ್ಟಿದ್ದರು, ಮೊದಲ ಒಗೆತಕ್ಕೆ ಒಳಬಟ್ಟೆ ಕುಗ್ಗಿ ಮೇಲಿನದು ಜೋಲುಬಿದ್ದಿತು. ಆ ಅನುಭವವಿದ್ದುದರಿಂದ ಈ ಬಾರಿ ಖಣ, ಮಂಗಳಗಿರಿ ಬಟ್ಟೆ, ಲೈನಿಂಗ್ ಮೂರನ್ನೂ ಮನೆಯಲ್ಲಿಯೇ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಮಲ್ಲೇಶ್ವರದ ಒಬ್ಬ ಹಿರಿಯ ಟೈಲರ್ ಬಳಿ ಒಯ್ದೆವು. ಅವರು ಮೊದಲು ಅಗ್ಗದ ಗಾಡಾ (ಒರಟು ಹತ್ತಿ) ಬಟ್ಟೆಯಲ್ಲಿ ಜಾಕೆಟಿನ ಮಾದರಿ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ಅಣ್ಣನ ಮಗಳಿಗೆ ತೊಡಿಸಿ ನೋಡಿದರು. "ಕೂತು ಊಟ ಮಾಡಬೇಕಲ್ಲಮ್ಮ, ಸೊಂಟದಲ್ಲಿ ಇನ್ನರ್ಧ ಇಂಚು ಬಿಡೋಣ" ಎಂದು ಅವರು ಹೇಳಿದಾಗ ಆ 42,000 ರೂಪಾಯಿಯಲ್ಲಿ ಯಾವುದಕ್ಕೆ ಹಣ ಕೊಡಬೇಕಿತ್ತೋ ಅದು ನಮಗೆ ಈ ಪುಟ್ಟ ಅಂಗಡಿಯಲ್ಲಿಯೇ ದೊರೆಯಿತೆಂದು ಅನ್ನಿಸಿತು. ಲೈನಿಂಗ್ ಬಟ್ಟೆಯ ಬೆಲೆಯೂ ಸೇರಿ ಎರಡರ ಹೊಲಿಗೆಗೆ 2,600 ರೂ. ಆಯಿತು. ಬಟ್ಟೆ ಕೊಂಡು ಹೊಲಿಸುವುದರಿಂದ ತೆರಿಗೆಯಲ್ಲಿಯೂ ಉಳಿತಾಯವಿದೆ, ಏಕೆಂದರೆ 2025ರ ಸೆಪ್ಟೆಂಬರ್ 22ರಿಂದ 2,500 ರೂ. ಮೀರಿದ ಸಿದ್ಧ ಉಡುಪಿನ ಮೇಲೆ ಶೇ. 18 ಜಿಎಸ್‌ಟಿ ಇದೆ, ಬಟ್ಟೆಯ ಮೇಲೆ ಶೇ. 5 ಮಾತ್ರ.

ಮೇಳಗಳಿಗೆ ಹೋಗುವವರಿಗೆ ಅನುಭವದಿಂದ ಎರಡು ಮಾತು. ಆಯ್ಕೆ ಬೇಕಿದ್ದರೆ ಮೊದಲ ದಿನ, ಅದೂ ಕೆಲಸದ ದಿನವಾದರೆ ಮಧ್ಯಾಹ್ನಕ್ಕೆ ಮೊದಲು ಹೋಗಬೇಕು, ಆಗ ನೇಕಾರರಿಗೆ ಮಾತನಾಡಲು ಬಿಡುವಿರುತ್ತದೆ. ಕೊನೆಯ ದಿನ ಸಂಜೆ ಬೆಲೆ ಇಳಿಯುವುದು ನಿಜ, ಆದರೆ ಊರಿಗೆ ಮರಳುವ ಬಸ್ಸಿನ ಚಿಂತೆಯಲ್ಲಿರುವವರ ಬಳಿ ಇನ್ನೂರು ರೂಪಾಯಿಗೆ ಜಗ್ಗಾಡುವುದು ನನಗೆ ಸರಿ ಕಾಣುವುದಿಲ್ಲ. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಆಸುಪಾಸಿನಲ್ಲಿ, ದಸರಾ ದೀಪಾವಳಿಗಳ ಮುಂಚಿನ ವಾರಗಳಲ್ಲಿ ಮೇಳಗಳು ಹೆಚ್ಚು. ದೆಹಲಿಯಲ್ಲಿರುವ ಕನ್ನಡಿಗರಿಗೆ 1994ರಿಂದ ನಡೆಯುತ್ತಿರುವ ದಿಲ್ಲಿ ಹಾತ್ ಇದೇ ಬಗೆಯ ಅನುಭವ ಕೊಡುತ್ತದೆ, ಅಲ್ಲಿ ಮಳಿಗೆಗಳ ಕುಶಲಕರ್ಮಿಗಳು ಹದಿನೈದು ದಿನಗಳಿಗೊಮ್ಮೆ ಬದಲಾಗುವುದರಿಂದ ತಿಂಗಳಿಗೆರಡು ಸಲ ಹೋದರೂ ಹೊಸತು ಕಾಣುತ್ತದೆ.

ಹೋಟೆಲಿನ ಪ್ರವೇಶ ಶುಲ್ಕ 200 ರೂ., ನನ್ನ ಸೀರೆಗೆ ಕುಪ್ಪಸ ಹೊಲಿಸಿ, ಫಾಲ್ಸ್ ಹಾಕಿಸಿ, ಕುಚ್ಚು ಕಟ್ಟಿಸಿದ್ದಕ್ಕೆ 1,050 ರೂ. ಸೇರಿಸಿದರೆ ಒಟ್ಟು ಖರ್ಚು 11,980 ರೂ. ಇದರಲ್ಲಿ ಅಣ್ಣನ ಮಗಳ ಉಡುಪಿನ ಪಾಲು 6,280 ರೂ. ಆರತಕ್ಷತೆಯ ಸಂಜೆ ಅವಳು ಫೋಟೊ ಕಳಿಸಿದಾಗ ನಾನು ಮೊದಲು ನೋಡಿದ್ದು ಭುಜದ ಹೊಲಿಗೆಯನ್ನು. ಖಣದ ಬುಟ್ಟಾಗಳು ಎರಡೂ ಕಡೆಯಿಂದ ಬಂದು ಸರಿಯಾಗಿ ಕೂಡಿದ್ದವು. ಮಿಕ್ಕ ಕಾಲು ಮೀಟರ್ ಖಣವನ್ನು ಟೈಲರ್ ಮಡಿಚಿ ಚೀಲದೊಳಗೆ ಇಟ್ಟು ಕೊಟ್ಟಿದ್ದಾರೆ. ಅದರಲ್ಲಿ ಒಂದು ಪುಟ್ಟ ಕೈಚೀಲ ಹೊಲಿಯುತ್ತಿದ್ದೇನೆ.